ಅತ್ತೆಗೆ ಸಿಗದ ಸಂವಿಧಾನ

ನನ್ನ ಅತ್ತೆ ಮೈಸೂರಿನ ಕೋರ್ಟಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ಶಿರಸ್ತೇದಾರರಾಗಿ ನಿವೃತ್ತರಾದವರು. ಯಾರು ಏನೇ ಹೇಳಲಿ, ಅವರ ಮೊದಲ ಪ್ರಶ್ನೆ ಒಂದೇ: "ಎಲ್ಲಿ ಬರೆದಿದೆ, ತೋರ್ಸು." ನ್ಯೂಜಿಲೆಂಡಿನ ಲೋವರ್ ಹಟ್‌ನಲ್ಲಿರುವ ನಮ್ಮ ಮನೆಗೆ ಬಂದ ಹೊಸದರಲ್ಲಿ, ಕೆಂಪು ಮುಚ್ಚಳದ ಕಸದ ಡಬ್ಬಿ ಪ್ರತಿ ವಾರ, ಹಳದಿ ಮುಚ್ಚಳದ್ದು ವಾರ ಬಿಟ್ಟು ವಾರ ಎಂದು ನಾನು ಹೇಳಿದ್ದನ್ನು ಅವರು ನಂಬಲಿಲ್ಲ. ಕೌನ್ಸಿಲಿನವರ ಕಾಗದ ತೋರಿಸಿದ ಮೇಲೆಯೇ ಡಬ್ಬಿ ಮುಟ್ಟಿದ್ದು. ನನಗೆ ಮೂಗಿನ ತುದಿಯಲ್ಲೇ ಕೋಪ, ಅವರಿಗೆ ಮಾತಿನ ತುದಿಯಲ್ಲೇ ಕಾಯ್ದೆ. ಹಾಗಿದ್ದೂ ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿ ಎರಡು ವರ್ಷ ಕಳೆದೆವು ಎಂದರೆ ಇಬ್ಬರಲ್ಲೂ ಏನೋ ಒಳ್ಳೆಯದಿರಬೇಕು.

ಚುನಾವಣೆ ಬರುವ ವರ್ಷ ಅವರ ಹೆಸರಿಗೆ ಒಂದು ಕಾಗದ ಬಂತು. ಮತದಾರರ ಪಟ್ಟಿಗೆ ಸೇರಿಕೊಳ್ಳಿ ಎಂದು. ಅತ್ತೆ ಅದನ್ನು ಎರಡು ಸಲ ಓದಿ, ಮಡಚಿ, ದೇವರ ಫೋಟೋದ ಹಿಂದೆ ಇಟ್ಟುಬಿಟ್ಟರು. ಕೇಳಿದರೆ, "ಇವ್ರಿಗೆ ಏನೋ ತಪ್ಪಾಗಿದೆ ಕಣೇ. ನಾನು ಇಂಡಿಯನ್ ಸಿಟಿಜನ್ನು. ಇಲ್ಲಿ ಓಟು ಹಾಕಿದ್ರೆ ಅಲ್ಲಿ ಪಾಸ್‌ಪೋರ್ಟ್ ಕಿತ್ಕೋತಾರೆ" ಎಂದರು. ಈ ದೇಶದಲ್ಲಿ ರೆಸಿಡೆಂಟ್ ವೀಸಾ ಇದ್ದು ಒಂದು ವರ್ಷ ವಾಸ ಮಾಡಿದವರಿಗೆ, ಪೌರತ್ವ ಇಲ್ಲದಿದ್ದರೂ, ಓಟಿದೆ. ಪಟ್ಟಿಗೆ ಸೇರುವುದು ಕಡ್ಡಾಯ ಕೂಡ. ನಾನು ಹೇಳಿದೆ. ನಂಬಬೇಕಲ್ಲ! "ಇವ್ರ ಸಂವಿಧಾನದಲ್ಲಿ ಯಾವ ಆರ್ಟಿಕಲ್ಲು? ಪುಸ್ತಕ ತಂದ್ಕೊಡು, ನಾನೇ ಓದ್ಕೋತೀನಿ."

ಅದೇ ಸಮಯದಲ್ಲಿ ನಾವು ಊರು ಬದಲಾಯಿಸುವುದೆಂದೂ ನಿರ್ಧಾರವಾಗಿತ್ತು. ಗಂಡನಿಗೆ ಆಕ್ಲೆಂಡಿನಲ್ಲಿ ಒಳ್ಳೆಯ ಕೆಲಸ ಸಿಗುವುದರಲ್ಲಿತ್ತು. ನರ್ಸ್ ಆಗಿರುವ ನನ್ನ ತಂಗಿ ಅಲ್ಲೇ ಪಾಪಕುರಾ ಬಡಾವಣೆಯಲ್ಲಿದ್ದಾಳೆ, ಅವಳ ಬೀದಿಯಲ್ಲೇ ಮನೆ ನೋಡಿದ್ದೆವು. ನಾವು ಅಂದರೆ ನಾನು ಮತ್ತು ಗಂಡ. ಅತ್ತೆಗೆ ಹೇಳಿದ್ದೆವು. ಅವರು "ಹೂಂ" ಎಂದರು, ಆಮೇಲೆ ತೊಳೆದಿಟ್ಟಿದ್ದ ಸ್ಟೀಲ್ ಪಾತ್ರೆಗಳನ್ನೆಲ್ಲ ಇನ್ನೊಂದು ಸಲ ತೊಳೆದರು. ಅವರಿಗೆ ಹೋಗಲು ಮನಸ್ಸಿಲ್ಲ ಎಂದು ಅಷ್ಟರಿಂದಲೇ ತಿಳಿಯಬೇಕಿತ್ತು. ತಿಳಿಯಿತು ಕೂಡ. ತಿಳಿಯದ ಹಾಗೆ ಇದ್ದುಬಿಟ್ಟೆ, ಯಾಕೆಂದರೆ ನನಗೆ ಹೋಗಬೇಕಿತ್ತು.

ಶನಿವಾರ ಅತ್ತೆಯನ್ನು ಕರೆದುಕೊಂಡು ಲೈಬ್ರರಿಗೆ ಹೋದೆ. ಕೌಂಟರಿನಲ್ಲಿದ್ದ ಹೆಂಗಸಿಗೆ ಅತ್ತೆ ತಮ್ಮ ಕೋರ್ಟಿನ ಇಂಗ್ಲಿಷಿನಲ್ಲಿ, ನ್ಯೂಜಿಲೆಂಡಿನ ಸಂವಿಧಾನದ ಪ್ರತಿ ಬೇಕು ಎಂದರು. ಆಕೆ ಒಂದು ಕ್ಷಣ ಯೋಚಿಸಿ, "ಯಾವ ಭಾಗ?" ಎಂದು ಕೇಳಿದರು. "ಪೂರ್ತಿ," ಎಂದರು ಅತ್ತೆ. ಆಕೆಗೆ ನಗು ಬಂತು, ಆದರೆ ಅವಮಾನ ಮಾಡುವ ನಗುವಲ್ಲ. ಒಳಗೆ ಹೋಗಿ ಕಾಲು ಗಂಟೆಯಾದ ಮೇಲೆ ಒಂದು ಟ್ರಾಲಿ ತಳ್ಳಿಕೊಂಡು ಬಂದರು.

ಮೊದಲು ಬಂದದ್ದು ಕಾನ್‌ಸ್ಟಿಟ್ಯೂಷನ್ ಆಕ್ಟ್. ಅತ್ತೆಯ ಮುಖ ಅರಳಿತು, ತೆರೆದು ನೋಡಿ ಬಾಡಿತು. ನಮ್ಮ ಮನೆಯ ಬಾಡಿಗೆ ಕರಾರೇ ಅದಕ್ಕಿಂತ ದಪ್ಪ ಇದೆ. ಆಮೇಲೆ ಇಲ್ಲಿನ ಮೂಲನಿವಾಸಿಗಳಾದ ಮಾವೊರಿ ಮುಖಂಡರೂ ಬ್ರಿಟಿಷ್ ರಾಣಿಯ ಕಡೆಯವರೂ ಸಹಿ ಮಾಡಿದ ವೈತಾಂಗಿ ಒಪ್ಪಂದ, ಎರಡು ಭಾಷೆಯಲ್ಲಿ. ಎರಡೂ ಒಂದೇ ಮಾತು ಹೇಳುವುದಿಲ್ಲ ಎಂದು ಇವತ್ತಿಗೂ ಚರ್ಚೆ. ಆಮೇಲೆ ಹಕ್ಕುಗಳ ಕಾಯ್ದೆ, ಚುನಾವಣೆಯ ಕಾಯ್ದೆ, ಮಂತ್ರಿಗಳು ಹೇಗೆ ನಡೆದುಕೊಳ್ಳಬೇಕು ಎಂದು ಹೇಳುವ ಒಂದು ಕೈಪಿಡಿ. ಕೊನೆಗೆ, ನೂರಾರು ವರ್ಷ ಹಿಂದೆ ಇಂಗ್ಲೆಂಡಿನಲ್ಲಿ ಮಾಡಿದ, ಇಲ್ಲಿ ಇನ್ನೂ ಚಾಲ್ತಿಯಲ್ಲಿರುವ ಕೆಲವು ಕಾನೂನುಗಳು. "ಉಳಿದದ್ದು ನಮ್ಮ ಅಭ್ಯಾಸ" ಎಂದು ಆಕೆ ತುಂಬ ಸಹಜವಾಗಿ ಹೇಳಿದರು. ಅತ್ತೆ ನನ್ನ ಕಡೆ ತಿರುಗಿ, "ಅಭ್ಯಾಸಾನ ಫೈಲ್ ಮಾಡೋದು ಹೇಗೆ?" ಎಂದರು.

ಆ ಟ್ರಾಲಿ ನಮ್ಮಿಬ್ಬರಿಗೂ ಹುಚ್ಚು ಹಿಡಿಸಿತು. ವೆಲ್ಲಿಂಗ್ಟನ್ನಿಗೆ ಕೆಲಸಕ್ಕೆ ಹೋಗಿ ಬರುವ ರೈಲಿನಲ್ಲಿ ನಾನು ಫೋನಿನಲ್ಲಿ ಓದುತ್ತಿದ್ದೆ, ಮನೆಗೆ ಬಂದು ಹುಳಿಗೆ ತರಕಾರಿ ಹೆಚ್ಚುತ್ತ ಅತ್ತೆಗೆ ವರದಿ ಒಪ್ಪಿಸುತ್ತಿದ್ದೆ. ಪ್ರಧಾನಿಯನ್ನು ಹೇಗೆ ಆರಿಸಬೇಕು ಎಂದು ಯಾವ ಕಾಯ್ದೆಯೂ ಹೇಳುವುದಿಲ್ಲವಂತೆ! ಒಂದು ಕಾಲದಲ್ಲಿ ಇಲ್ಲಿ ಮೇಲ್ಮನೆ ಇತ್ತಂತೆ, ಬೇಡ ಎನಿಸಿತು, ಒಂದು ಮಸೂದೆ ತಂದು ತೆಗೆದುಹಾಕಿದರಂತೆ. ಗವರ್ನರ್ ಜನರಲ್ ಸಹಿ ಇಲ್ಲದೆ ಯಾವ ಮಸೂದೆಯೂ ಕಾನೂನಾಗುವುದಿಲ್ಲ, ಆದರೆ ಅವರು ಸಹಿ ಹಾಕುವುದಿಲ್ಲ ಎಂದು ಹೇಳುವುದೂ ಇಲ್ಲ. ಅತ್ತೆ ಒಂದೊಂದಕ್ಕೂ "ಅಯ್ಯೋ ಶಿವನೇ" ಎನ್ನುತ್ತಿದ್ದರು. ಗಂಡನಿಗೆ ನಮ್ಮಿಬ್ಬರ ಹೊಸ ಸ್ನೇಹ ಕಂಡು ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಗಿತ್ತು.

ಓಟಿನ ಹಕ್ಕನ್ನು ಚುನಾವಣೆಯ ಕಾಯ್ದೆಯಲ್ಲಿ ಅತ್ತೆ ಬೆರಳಿಟ್ಟು ಓದಿದರು. ನಮ್ಮ ಪೌರತ್ವ ಕಾಯ್ದೆಯನ್ನೂ ತೆಗೆಸಿ ಓದಿದರು. ಬೇರೆ ದೇಶದ ಪೌರತ್ವ ತೆಗೆದುಕೊಂಡರೆ ತಾನೆ ನಮ್ಮದು ಹೋಗುವುದು, ಓಟು ಹಾಕಿದರೆ ಅಲ್ಲ. ದೇವರ ಫೋಟೋದ ಹಿಂದಿನಿಂದ ಕಾಗದ ಹೊರಗೆ ಬಂತು, ಅರ್ಜಿ ಹೋಯಿತು.

ಆದರೂ ಒಂದು ವಿಷಯ ಅವರಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಪಾರ್ಲಿಮೆಂಟು ತಪ್ಪು ಕಾನೂನು ಮಾಡಿದರೆ ಅದನ್ನು ರದ್ದು ಮಾಡುವ ಅಧಿಕಾರ ಇಲ್ಲಿನ ಕೋರ್ಟುಗಳಿಗಿಲ್ಲ. "ಇದು ಜನರ ಹಕ್ಕಿಗೆ ಹೊಂದುವುದಿಲ್ಲ" ಎಂದು ಘೋಷಿಸಬಹುದು, ಅಷ್ಟೇ. ಜಡ್ಜರ ಮುಂದೆ ಮೂವತ್ತು ವರ್ಷ ಫೈಲು ಇಟ್ಟ ಹೆಂಗಸು ಇದನ್ನು ಹೇಗೆ ಸಹಿಸಿಯಾರು? ಪಕ್ಕದ ಮನೆಯ ಅಜ್ಜಿಯನ್ನು ಕೇಳಿದರು. ಈ ಅಜ್ಜಿ ನಿವೃತ್ತ ಟೀಚರು, ಎಷ್ಟೋ ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದವರು. ನಮ್ಮ ಅತ್ತೆಗೂ ಎಲೆಕ್ಷನ್ ಡ್ಯೂಟಿಯ ಕಥೆಗಳಿಗೆ ಬರವಿಲ್ಲ. ಇಬ್ಬರೂ ದಿನಾ ಬೆಳಿಗ್ಗೆ ನದಿಯ ಏರಿಯ ಮೇಲೆ ಒಂದು ಗಂಟೆ ನಡೆಯುತ್ತಿದ್ದರು, ಗಾಳಿಗೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡು.

"ಬಹುಮತ ಇದ್ದೋರು ಅನ್ಯಾಯ ಮಾಡಿದ್ರೆ ತಡೆಯೋರು ಯಾರು?" ಎಂದು ಅತ್ತೆ ಕೇಳಿದರಂತೆ. "ಮೂರು ವರ್ಷಕ್ಕೊಮ್ಮೆ ನಾವು," ಎಂದರಂತೆ ಅಜ್ಜಿ. "ಅಲ್ಲೀವರೆಗೆ?" "ಅಲ್ಲಿಯವರೆಗೆ ಅವರಿಗೇ ನಾಚಿಕೆ ಆಗಬೇಕು."

ಅತ್ತೆ ಈ ಉತ್ತರ ನನಗೆ ಹೇಳಿ, "ನಾಚಿಕೆ ಮೇಲೆ ದೇಶ ನಡೆಸ್ತಾರಂತೆ, ನೋಡು" ಎಂದು ನಕ್ಕರು. ನಾನೂ ನಕ್ಕೆ.

ಓಟಿನ ದಿನ ಮನೆ ಹತ್ತಿರದ ಶಾಲೆಗೆ ಹೋದೆವು. ಅತ್ತೆ ರೇಷ್ಮೆ ಸೀರೆ ಉಟ್ಟು, ಬ್ಯಾಗಿನಲ್ಲಿ ಪಾಸ್‌ಪೋರ್ಟು, ವೀಸಾ, ಬ್ಯಾಂಕಿನ ಕಾಗದ, ಆಧಾರ್ ಕಾರ್ಡು ಎಲ್ಲ ತುಂಬಿಕೊಂಡಿದ್ದರು. ಮೇಜಿನ ಹಿಂದಿದ್ದ ಹುಡುಗಿ ಹೆಸರು ಕೇಳಿದಳು, ವಿಳಾಸ ಕೇಳಿದಳು, ಪಟ್ಟಿಯಲ್ಲಿ ಹುಡುಕಿ ಸ್ಕೇಲ್ ಇಟ್ಟು ಗೆರೆ ಎಳೆದಳು, ಮತಪತ್ರ ಕೊಟ್ಟಳು. ಅಷ್ಟೇ. ಅತ್ತೆ ಅಲ್ಲಿಂದ ಕದಲಲಿಲ್ಲ. "ಐಡಿ ನೋಡಮ್ಮ," ಎಂದು ಪಾಸ್‌ಪೋರ್ಟ್ ಚಾಚಿದರು. ಬೇಡ ಎಂದಳು. ಎಡಗೈ ಚಾಚಿದರು, ಶಾಯಿ ಹಚ್ಚಲು. ಹುಡುಗಿ ಅರ್ಥವಾಗದೆ ಆ ಕೈ ಕುಲುಕಿದಳು. ಇಲ್ಲಿ ಒಬ್ಬೊಬ್ಬರಿಗೂ ಎರಡು ಓಟು: ಒಂದು ಪಕ್ಷಕ್ಕೆ, ಇನ್ನೊಂದು ಅಭ್ಯರ್ಥಿಗೆ. ಅತ್ತೆ ರಟ್ಟಿನ ಮರೆಯ ಹಿಂದೆ ನಿಂತು ಹತ್ತು ನಿಮಿಷ ತೆಗೆದುಕೊಂಡರು. ಹೊರಗೆ ಬಂದಾಗ ಕಣ್ಣು ಒದ್ದೆಯಾಗಿತ್ತು. "ನಾನು ಹೇಳಿದ್ದನ್ನೇ ನಂಬಿಬಿಟ್ಲು ಕಣೇ," ಎಂದರು.

ಫಲಿತಾಂಶ ಬಂತು, ಸರ್ಕಾರ ಬರಲಿಲ್ಲ. ಯಾರೊಬ್ಬರಿಗೂ ಬಹುಮತ ಇರಲಿಲ್ಲ, ವಾರಗಟ್ಟಲೆ ಮಾತುಕತೆ. ಅಲ್ಲಿಯವರೆಗೆ ಸೋತವರೇ ಕುರ್ಚಿಯಲ್ಲಿ. ನಮ್ಮ ಕಡೆ ಆಗಿದ್ದರೆ ರೆಸಾರ್ಟುಗಳು ತುಂಬಿ ತುಳುಕುತ್ತಿದ್ದವು. ಇಲ್ಲಿ ಜನ ಹುಲ್ಲು ಕತ್ತರಿಸಿಕೊಂಡು ಆರಾಮಾಗಿದ್ದರು. ಸೋತ ಮಂತ್ರಿಗಳು ಈ ಅವಧಿಯಲ್ಲಿ ದೊಡ್ಡ ತೀರ್ಮಾನ ಏನೂ ಮಾಡುವುದಿಲ್ಲ, ಮಾಡಲೇಬೇಕಾದರೆ ಉಳಿದವರನ್ನು ಕೇಳಿ ಮಾಡುತ್ತಾರೆ ಎಂದು ಅಜ್ಜಿ ಹೇಳಿದರಂತೆ. ಹಿಂದೊಮ್ಮೆ ಒಬ್ಬ ಪ್ರಧಾನಿ ಸೋತ ಮೇಲೂ ಹಠ ಹಿಡಿದಿದ್ದರಂತೆ. ಒಂದೆರಡು ದಿನದಲ್ಲಿ ಅವರ ಪಕ್ಷದವರೇ ಬಗ್ಗಿಸಿದರಂತೆ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆವು. ಆಕ್ಲೆಂಡಿನ ಕಂಪನಿಗೆ ಗಂಡ ಮರುದಿನ ಉತ್ತರ ಕೊಡಬೇಕಿತ್ತು. ಸಾಮಾನು ಸಾಗಿಸುವವರನ್ನು ಯಾವತ್ತಿಗೆ ಗೊತ್ತುಮಾಡಲಿ ಎಂದು ನಾನು ಕೇಳಿದೆ. ಅತ್ತೆ ಮಜ್ಜಿಗೆ ಬಡಿಸುತ್ತಿದ್ದವರು ಸೌಟು ಕೆಳಗಿಟ್ಟರು.

"ಎಲ್ಲಿಂದಲೋ ಬಂದೋಳು ನಾನು. ಈ ದೇಶ ನನ್ನ ಎರಡೆರಡು ಸಲ ಕೇಳ್ತು. ನೀವು ಒಂದು ಸಲ ಕೇಳಿದ್ರಾ?"

"ಅಮ್ಮ, ನಿಂಗೆ ಆಗ್ಲೇ ಹೇಳಿದ್ವಲ್ಲ," ಎಂದ ಗಂಡ.

"ಹೇಳಿದ್ರಿ."

ಅವನಿಗೆ ಮುಖ ಎತ್ತಲಾಗಲಿಲ್ಲ. "ಸರಿ, ಈಗ ಕೇಳ್ತೀನಿ. ಪಾಪಕುರಾಕ್ಕೆ ಹೋಗೋಣ್ವಾ?" ಎಂದ.

"ನಂಗಿಷ್ಟ ಇಲ್ಲ," ಎಂದರು ಅತ್ತೆ. "ಇಲ್ಲಿ ನಾನೊಬ್ಳೇ ಲೈಬ್ರರಿಗೆ ಹೋಗ್ತೀನಿ, ನದಿ ಹತ್ರ ಹೋಗ್ತೀನಿ, ಮಾತಾಡೋಕೆ ಒಂದು ಜೀವ ಇದೆ. ಅಲ್ಲಿಗೆ ಬಂದ್ರೆ ಮತ್ತೆ ನಿಮ್ಮ ಕಾರಿನ ಹಿಂದಿನ ಸೀಟೇ ಗತಿ." ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಮುಂದುವರಿಸಿದರು: "ಆದ್ರೆ ನೀವಿಬ್ರು, ನಾನೊಬ್ಳು. ಬಹುಮತ ನಿಮ್ದು. ಕೇಳಿದ್ರಲ್ಲ, ಸಾಕು. ಹೋಗೋಣ." ಎದ್ದು ತಟ್ಟೆ ತೆಗೆದರು.

ಅವರು ನಾಟಕ ಆಡಲಿಲ್ಲ, ಅದೇ ನನಗೆ ಕಷ್ಟವಾದದ್ದು. ಸಂಜೆ ಅವರ ಕೋಣೆಯಲ್ಲಿ ಇಣುಕಿದರೆ, ರಟ್ಟಿನ ಪೆಟ್ಟಿಗೆಗೆ ತಮ್ಮ ಸಾಮಾನು ತುಂಬಿ, ಮೇಲೆ ಗುಂಡಗಿನ ಅಕ್ಷರದಲ್ಲಿ ಪಟ್ಟಿ ಬರೆದು ಅಂಟಿಸುತ್ತಿದ್ದರು. ಅತ್ತಿದ್ದರೆ ಜಗಳ ಆಡಬಹುದಿತ್ತು. ಸಿಟ್ಟು ಮಾಡಿದ್ದರೆ ನನ್ನ ಸಿಟ್ಟು ಅವರದ್ದಕ್ಕೆ ಸವಾಸೇರು. ಈ ಮಹಾತಾಯಿ ತೀರ್ಪು ಒಪ್ಪಿಕೊಂಡು ಕುಳಿತರೆ ನಾನೇನು ಮಾಡಲಿ? ಬಹುಮತ ನಮ್ಮದಿತ್ತು. ತಡೆಯುವವರು ಯಾರೂ ಇರಲಿಲ್ಲ. ತಂಗಿ ಆಗಲೇ ಫೋನ್ ಮಾಡಿ, ಮನೆಯ ಹಿತ್ತಲಿನಲ್ಲಿ ನಿಂಬೆ ಗಿಡ ಇದೆ ಕಣೇ ಎಂದಿದ್ದಳು. ನನಗೆ ಆ ಮನೆ ಬೇಕಿತ್ತು, ಆ ತಂಗಿ ಬೇಕಿತ್ತು, ಮನಸಾರೆ ಬೇಕಿತ್ತು. ಬೆಳಿಗ್ಗೆ ರೈಲಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು, "ಬೇಡ ಅಂತ ಹೇಳ್ಬಿಡು" ಎಂದೆ ಗಂಡನಿಗೆ. ಅವನು ಏನೂ ಕೇಳದೆ ಹೂಂಗುಟ್ಟಿದ. ಅಲ್ಲಿಂದ ವೆಲ್ಲಿಂಗ್ಟನ್ ಬರುವವರೆಗೂ ಕಣ್ಣೀರು ಸುರಿಸಿದೆ.

ಸಂಜೆ ಬಂದವಳೇ ಅವರ ಕೋಣೆಗೆ ಹೋಗಿ, "ನಾವು ಹೋಗಲ್ಲ ಅತ್ತೆ" ಎಂದೆ. ಹಿಗ್ಗುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಊದಿದ ಕಣ್ಣುಗಳನ್ನೇ ನೋಡುತ್ತ ನೆಲದ ಮೇಲೆ ಕುಳಿತುಬಿಟ್ಟರು.

"ನಿಂಗೆ ಎಷ್ಟು ಆಸೆ ಇತ್ತು ಅಂತ ನಾನೂ ಕೇಳ್ಲಿಲ್ಲ, ಅಲ್ವೇನೇ?" ಎಂದರು. "ಈಗ ಹೇಳು."

ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ನಾನು ಪೆಟ್ಟಿಗೆಯನ್ನು ಆಚೆ ಸರಿಸಿ, ಅವರ ಪಕ್ಕ ಕುಳಿತು ಹೇಳತೊಡಗಿದೆ.