ಟವೆಲ್ ಹಾಕಿದ ಸೀಟು

ಸಿಗರೇಟು ಬಿಡಿಸುವ ಮಾತ್ರೆ ಬರೆದುಕೊಡುತ್ತ ಇಚಲಕರಂಜಿಯ ಡಾಕ್ಟರು ಹೇಳಿದರು: "ನಿಮ್ಮ ಮಿದುಳಿನ್ಯಾಗ ನಿಕೋಟಿನ್ ಕುಂದ್ರೋ ಸೀಟ್ ಅದಾವ್ರಿ. ಈ ಮಾತ್ರಿ ಮೊದಲ ಹೋಗಿ ಅಲ್ಲಿ ಕುಂದರ್ತೈತಿ. ಆಮ್ಯಾಲ ಸೇದಿದ್ರೂ ಮಜಾ ಬರಂಗಿಲ್ಲ."

ಮಗ್ಗದ ಬಿಡಿಭಾಗ ಮಾರುತ್ತ ಬಸ್ಸಿನಲ್ಲೇ ಬದುಕುವವನು ನಾನು. ತಕ್ಷಣ ತಿಳಿಯಿತು. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದು, ಅಷ್ಟೇ.

ಮಾತ್ರೆ ನುಂಗುತ್ತ ಹನ್ನೊಂದು ದಿನ ಸಿಗರೇಟು ಮುಟ್ಟಲಿಲ್ಲ. ಹನ್ನೆರಡನೇ ದಿನ ಕೊಲ್ಹಾಪುರದಲ್ಲಿ ಗಡಹಿಂಗ್ಲಜ್ ಬಸ್ಸಿಗೆ ಟವೆಲ್ ಎಸೆದು, ನೂಕಾಡಿ ಒಳಗೆ ಹೋದರೆ, ಕಂಬಳಿ ಹೊದ್ದ ಕುರಿ ಕಾಯುವ ಅಜ್ಜ ಅದರ ಮೇಲೆಯೇ ಕೂತಿದ್ದ.

"ಟವೆಲ್ ಕಾಣಲಿಲ್ಲೇನ್ರಿ ಅಜ್ಜಾ?"

"ಕಾಣ್ತು ತಮ್ಮಾ. ಭಾಳ ಮೆತ್ತಗ ಐತಿ" ಎಂದು ಇನ್ನಷ್ಟು ಒರಗಿದ.

ಟವೆಲ್ಲಿನ ಜೊತೆಗೆ ಮಾತ್ರೆಯ ಮೇಲಿದ್ದ ನಂಬಿಕೆಯೂ ಹೋಯಿತು. ಕಾಗಲದಲ್ಲಿ ಬಸ್ಸು ನಿಂತಾಗ ಇಳಿದು, ಸಿಟ್ಟಿನಿಂದ ಒಂದು ಸಿಗರೇಟು ಹಚ್ಚಿದೆ. ಒಣಹುಲ್ಲು ಸುಟ್ಟ ಹಾಗಿತ್ತು, ಎಷ್ಟು ಎಳೆದರೂ ಏನೂ ಇಲ್ಲ. ಮಾತ್ರೆ ಟವೆಲ್ ಅಲ್ಲ, ಅಜ್ಜ ಎಂದು ಆಗ ಗೊತ್ತಾಯಿತು.

ಸಿಗರೇಟು ಎಸೆದು ಬಸ್ಸು ಹತ್ತಿದೆ. ಅಜ್ಜ ಗೊರಕೆ ಹೊಡೆಯುತ್ತಿದ್ದ. ಗಡಹಿಂಗ್ಲಜ್‌ವರೆಗೂ ನಿಂತೇ ಹೋದೆ, ಸೀಟು ಸಿಗದ ನಿಕೋಟಿನ್ನಿನ ಹಾಗೆ.