ಕೊಳೆ ಕೂರದ ತಂತಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅರಸೀಕೆರೆಯ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೆ. ಗಿಟಾರ್ ತಂಡದ್ದು. ನಾನು ಹೋಗಲಾಗದ ದಿನ ಅದನ್ನು ನುಡಿಸುತ್ತಿದ್ದವನು ಹೊಗೆಸೊಪ್ಪು ತಿಕ್ಕಿದ ಕೈಯಲ್ಲೇ ತಂತಿ ಮುಟ್ಟುತ್ತಿದ್ದ. ಆ ತಂತಿಗಳ ಮೈಗೆ ಇನ್ನೊಂದು ಸಣ್ಣ ದುಂಡು ತಂತಿ ಸುತ್ತಿರುತ್ತದೆ. ಅದರ ಸಂದಿಗಳಲ್ಲೆಲ್ಲ ಕೊಳೆ ಕೂತಿತ್ತು. ಬೇಲೂರಿನ ಒಂದು ಮದುವೆಯಲ್ಲಿ ನುಡಿಸಿ ಮುಗಿಸುವಷ್ಟರಲ್ಲಿ ನನ್ನ ಉಗುರಿನ ತುಂಬ ನಾತ ಹೊಡೆಯುವ ಕಪ್ಪು ಜಿಡ್ಡು. ಎರಡು ಸಲ ಸೋಪು ಹಾಕಿ ತೊಳೆದರೂ ಊಟಕ್ಕೆ ಕೂತಾಗ ಕೈ ಬಾಯಿಗೆ ಹೋಗಲಿಲ್ಲ.

ಹೊಸ ತಂತಿ ಬೇಕೆಂದು ತಂಡದ ಯಜಮಾನರಿಗೆ ಹೇಳಿದೆ. "ಕುದಿಸಿದ್ರೆ ಹೊಸದರಂಗೆ ಆಗ್ತವೆ ಕಣೋ," ಎಂದು ಅವರು ನನ್ನೆದುರೇ ತಂತಿ ಬಿಚ್ಚಿ, ತಮ್ಮ ಅಡುಗೆಮನೆಯ ಪಾತ್ರೆಯಲ್ಲಿ ಹಾಕಿ ಕುದಿಸಿದರು. ನೀರು ಚರಂಡಿಯ ಬಣ್ಣಕ್ಕೆ ತಿರುಗಿ ಮೇಲೆ ಜಿಡ್ಡು ತೇಲಿತು. ಆಮೇಲೆ ಅದೇ ಪಾತ್ರೆಯನ್ನು ಒಮ್ಮೆ ಗಲಬರಿಸಿ ಟೀಗೆ ಇಟ್ಟರು. ನಂಗೆ ಬೇಡ ಎಂದು ಎದ್ದು ಬಂದೆ.

ಮುಂದಿನ ವಾರವೇ ಬೆಂಗಳೂರಿಗೆ ಹೋಗಿ ಫ್ಲಾಟ್‌ವೌಂಡ್ ತಂತಿ ಕೇಳಿದೆ. ಅದಕ್ಕೆ ಸುತ್ತುವುದು ಚಪ್ಪಟೆ ಪಟ್ಟಿ, ಮೈಯೆಲ್ಲ ನುಣುಪು.

"ಸೌಂಡು ಮಂಕಾಗಿರುತ್ತೆ, ಈಗಿನ ಹಾಡುಗಳಿಗೆ ಆಗಲ್ಲ," ಅಂದರು ಅಂಗಡಿಯವರು.

"ಕೊಳೆ ಕೂರಲ್ಲ ತಾನೆ?" ಅಂದೆ.

ಅವರು ನನ್ನನ್ನೊಮ್ಮೆ ವಿಚಿತ್ರವಾಗಿ ನೋಡಿ ಕಟ್ಟಿಕೊಟ್ಟರು.

ಹಳೇಬೀಡಿನ ಕಾರ್ಯಕ್ರಮದಲ್ಲಿ ಯಜಮಾನರು ಮುಖ ಸಿಂಡರಿಸಿದರು. "ಏನ್ಲಾ, ಬೇಸು ಕಂಬಳಿ ಹೊದ್ಕಂಡು ಕೂತಂಗೈತೆ."

ಅವರ ಮಾತು ನಿಜವೇ. ಕುಣಿತದ ಹಾಡುಗಳಲ್ಲಿ ಅದರ ದನಿ ಮುಂದೆ ಬರಲಿಲ್ಲ. ಆದರೆ ಒಂದು ಹಳೆಯ ನಿಧಾನದ ಹಾಡಿನ ನಡುವೆ ಹಾಡುಗಾರ್ತಿ ನನ್ನ ಕಡೆ ತಿರುಗಿ ತಲೆದೂಗಿದರು. ಆ ತಂಡ ಬಿಡುವವರೆಗೂ ನಾನು ತಂತಿ ಬದಲಿಸಲಿಲ್ಲ.