ಮಾಣಿಕನಗರದ ಬಿಳಿ ನವಿಲು

ನಾವು ನಾಲ್ವರು ಒಂದೇ ಸಾಲಿನಲ್ಲಿ ಕೂತು ಕಸ ತೆಗೆಯುತ್ತಲೇ ಮುದುಕಿಯರಾದವರು. ಬಸವಕಲ್ಯಾಣದ ಸುತ್ತಿನ ಹೊಲಗಳಲ್ಲಿ ಉದ್ದು, ತೊಗರಿ, ಆಮೇಲೆ ಬಂದ ಸೋಯಾ, ಯಾವುದನ್ನೂ ಬಿಟ್ಟಿಲ್ಲ. ಕುರ್ಪಿ ಹಿಡಿದು ಬಗ್ಗಿ ಕೂತವಳಿಗೆ ಇಡೀ ದಿನ ನೆಲವೊಂದೇ ಕಾಣುವುದು. ಹಾಗಾಗಿ ನೆಲದ ಮೇಲಿನದೆಲ್ಲ ಕಾಣುತ್ತದೆ. ತಲೆಯಿಂದ ಬಾಲದ ತನಕ ಹರಿಯದೆ ಬಿದ್ದ ಹಾವಿನ ಪೊರೆ, ಮೊದಲ ಮಳೆಗೆ ಏಳುವ ಮಿರಗದ ಕೆಂಪು ಹುಳ, ಎಲೆಯೇ ಎದ್ದು ನಡೆದಂತೆ ನಡೆಯುವ ಮಿಡತೆ. ಕಂಡವಳು ಕೂಗಬೇಕು, ಮುಟ್ಟಬಾರದು. ಉಳಿದವರು ಕುರ್ಪಿ ಇಟ್ಟು ಬಂದು ನೋಡಬೇಕು. ಇದು ನಮ್ಮ ಕಟ್ಟಳೆ. ಹೊಲದ ಮಾಲಕ ಬದುವಿನ ಮೇಲೆ ನಿಂತು, "ಏನ್ ಬಂಗಾರ ಸಿಕ್ಕದ ಅಲ್ಲಿ, ಎಲ್ಲಾರೂ ಮುಕರೀರಿ?" ಎಂದು ಬೈದರೂ ನಾವು ನೋಡದೆ ಏಳುತ್ತಿರಲಿಲ್ಲ.

ನಾಲ್ವರಲ್ಲಿ ಕಣ್ಣು ಚೂಪಾಗಿದ್ದವಳು ಒಬ್ಬಳು. ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಟಿಟವಿ ಹಕ್ಕಿಯ ತತ್ತಿ ತೋರಿಸಿದವಳು ಅವಳೇ. ಆ ಹಕ್ಕಿ ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ, ಹರಳುಕಲ್ಲಿನ ನಡುವೆ ಇಡುತ್ತದೆ. ತತ್ತಿಯ ಬಣ್ಣವೂ ಕಲ್ಲಿನದೇ. ನನಗೆ ಎಷ್ಟು ನೋಡಿದರೂ ಕಾಣಲಿಲ್ಲ. ಅವಳು ನನ್ನ ಗದ್ದ ಹಿಡಿದು ಮುಖ ತಿರುಗಿಸಿ, "ಕಾಲ ಎತ್ತಬ್ಯಾಡ, ತುಳಿತಿ. ಅಲ್ಲೇ ನಿಂತ ನೋಡ, ಯವ್ವಾ," ಎಂದಳು. ನೋಡುತ್ತ ನಿಂತೆ. ಒಮ್ಮೆಲೇ ಕಂಡವು. ಅಂದಿನಿಂದ ಅವಳು ಕಂಡೆ ಎಂದರೆ ನಾನೂ ಕಂಡಂತೆಯೇ. ಈ ಊರಿನಲ್ಲಿ ಗಂಡನ ಮಾತನ್ನು ಕೂಡ ನಾನು ಅಷ್ಟು ನಂಬಿರಲಿಲ್ಲ.

ಈಗ ನಾಲ್ವರೂ ನಾಲ್ಕು ಕಡೆ. ಒಬ್ಬಳು ಕೊಡಂಬಲದಲ್ಲಿ ಮಗನ ಹೊಲದಲ್ಲಿದ್ದಾಳೆ, ಒಬ್ಬಳು ಗೋರ್ಟಾದ ಕಡೆ, ನಾನು ಇಲ್ಲೇ. ಕಣ್ಣು ಚೂಪಿನವಳಿಗೆ ಮೊಣಕಾಲು ಹಿಡಿದವು; ಹುಮನಾಬಾದ್ ಹತ್ತಿರ ಮಾಣಿಕನಗರದಲ್ಲಿರುವ ಮಗಳು ಕರೆದುಕೊಂಡು ಹೋದಳು. ಅಳಿಯನದು ತೆಂಗಿನಕಾಯಿ, ಕುಂಕುಮದ ಅಂಗಡಿ. ಮನೆ ಅಂಗಡಿಯ ಮೇಲೆ. ನನ್ನ ಸೊಸೆ ನಾಲ್ವರನ್ನೂ ಫೋನಿನಲ್ಲಿ ಒಂದು ಗ್ರೂಪ್ ಮಾಡಿ ಕೊಟ್ಟಳು. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು, ಉಳಿದವರು ಸಾಲಿಯ ಮೆಟ್ಟಿಲನ್ನೇ ಹತ್ತದವರು. ಬರೆಯುವ ಗೋಜಿಗೆ ಹೋಗಲಿಲ್ಲ. ಫೋಟೋ ಹಾಕುವುದು, ಬಾಯಿಯಿಂದ ಮಾತಾಡಿ ಕಳಿಸುವುದು, ಅಷ್ಟೇ. ಕೂಗು ಹೊಲದಿಂದ ಫೋನಿಗೆ ಬಂತು.

ನನ್ನ ಫೋಟೋಗಳು ಚಂದ ಬರುತ್ತಿರಲಿಲ್ಲ. ಮೂಲೆಯಲ್ಲಿ ನನ್ನ ಹೆಬ್ಬೆರಳು, ಇಲ್ಲವೇ ಸೀರೆಯ ಸೆರಗು. ಆದರೂ ಹಾಕುತ್ತಿದ್ದೆ. ಗೀಜಗನ ಗೂಡು ಗಾಳಿಗೆ ಬಿದ್ದದ್ದು, ಒಳಗೆ ಹಕ್ಕಿ ಮೆತ್ತಿದ ಹಸಿಮಣ್ಣು. ಸಗಣಿ ಉಂಡೆ ಉರುಳಿಸುವ ಹುಳ. ಬೇಲಿಯ ಮೇಲಿನ ಊಸರವಳ್ಳಿ. ಮಾಣಿಕನಗರದವಳ ಫೋಟೋಗಳು ಮಾತ್ರ ಬೇರೆ ಥರ ಇದ್ದವು. ಮೊರದಷ್ಟು ಅಗಲದ ಪತಂಗ, ಅರಳೆಯಂತೆ ಬೆಳ್ಳಗಿನ ಗೂಗಿ, ನೀಲಿ ಕಪ್ಪೆ. ಕನ್ನಡಿಯಲ್ಲಿ ಕಂಡಷ್ಟು ಸಾಫು. "ನಮ್ಮ ಮನಿ ಹಿಂದ ಬಂದಿತ್ತ ನೋಡ್ರಿ," ಎನ್ನುತ್ತಿದ್ದಳು. ಊರು ಬದಲಾದರೂ ಕಣ್ಣು ಹಾಗೆಯೇ ಇದೆ ಎಂದುಕೊಂಡೆ.

ಒಂದು ಬೇಸಿಗೆ ಬಾವಿಯ ದಾರಿಯಲ್ಲಿ ನಾನೇ ಟಿಟವಿಯ ತತ್ತಿ ಕಂಡೆ. ಯಾರೂ ಗದ್ದ ಹಿಡಿದು ತಿರುಗಿಸಲಿಲ್ಲ, ನಾನೇ ಕಂಡೆ. ತಾಯಿಹಕ್ಕಿ ನೆತ್ತಿಯ ಮೇಲೆ ಚೀರಾಡುತ್ತಿತ್ತು. ಲಗೂ ಫೋಟೋ ತೆಗೆದು ಹಾಕಿದೆ. ಉಳಿದಿಬ್ಬರು ತತ್ತಿ ಕಾಣಲಿಲ್ಲ, ದೊಡ್ಡದು ಮಾಡಿ ಕಳಿಸು ಎಂದರು. ಮಾಣಿಕನಗರದವಳ ದನಿ ಬಂತು, ನಗುತ್ತ: "ಏನ್ ಅದಾವ ಇದರಾಗ? ಬರೇ ಕಲ್ಲ. ಕಲ್ಲಿನ ಫೋಟೋ ಯಾಕ ಕಳಸ್ತಿ ನಮಗ?" ಹಿಂದೆಯೇ ಒಂದು ಬಿಳಿ ನವಿಲು ಹಾಕಿದಳು. ಗೋಡೆಯ ಮೇಲೆ ಕೂತು ಬಾಲ ಇಳಿಬಿಟ್ಟ ನವಿಲು, ಬಾಲ ನೆಲ ಮುಟ್ಟುತ್ತಿತ್ತು. "ಇದ ನೋಡ್ರಿ, ಮಾಣಿಕನಗರದಾಗ."

ವಯಸ್ಸಾಯಿತು, ಅವಳಿಗೆ ಕಣ್ಣು ಮಂದವಾಗಿರಬೇಕು ಎಂದು ಬಿಟ್ಟೆ. ಆದರೆ ಅಂದಿನಿಂದ ನಾನು ಫೋಟೋ ಹಾಕಲಿಲ್ಲ. ಬಿಳಿ ನವಿಲಿನ ಮುಂದೆ ಸಗಣಿ ಹುಳ ಯಾರಿಗೆ ಬೇಕು? ಅವಳ ನವಿಲನ್ನು ಮಾತ್ರ ಊರೆಲ್ಲ ತೋರಿಸಿದೆ. ಹಿಟ್ಟಿನ ಗಿರಣಿಯಲ್ಲಿ ಒಬ್ಬ, "ಸುಣ್ಣ ಹಚ್ಚ್ಯಾರೇನ ಆಯಿ ಅದಕ?" ಎಂದು ನಕ್ಕ.

"ನಿನ್ನ ಕಣ್ಣಾಗ ಸುಣ್ಣ ಬಿದ್ದದ. ಅಕಿ ಕಂಡಾಳಂದ್ರ ಕಂಡಾಳ," ಎಂದೆ.

ಹಸಿ ಕಡಲೆಯ ದಿನಗಳಲ್ಲಿ ಒಂದು ಕಟ್ಟು ಕಡಲೆಗಿಡ ಹಿಡಿದುಕೊಂಡು ಹೊರಟೆ. ನವಿಲನ್ನು ಕಣ್ಣಾರೆ ನೋಡಬೇಕು, ಅವಳ ಜೊತೆ ನಿಂತು ನೋಡಬೇಕು ಎಂದು ಆಸೆ. ಬಸವಕಲ್ಯಾಣದ ಸ್ಟ್ಯಾಂಡಿನಲ್ಲಿ ಹುಮನಾಬಾದ್ ಬಸ್ಸು ಹತ್ತಿದೆ. ಪಕ್ಕದಲ್ಲಿ ಯಾರೋ ಒಬ್ಬ ಹೆಣ್ಣುಮಗಳು ಕೂತಳು. ನನ್ನ ಬಾಯಿ ಸುಮ್ಮನಿರುವುದಲ್ಲ. ಫೋನು ತೆಗೆದು, "ನನ್ನ ಗೆಳತಿ ತೆಗದಿದ್ದು," ಎಂದು ತೋರಿಸಿದೆ.

ಅವಳು ನೋಡಿ, "ಇದು ನನ್ನ ಫೋನಿನಾಗೂ ಅದ ರೀ ಆಯಿ. ನಮ್ಮ ಅಣ್ಣ ಕಳಸ್ಯಾನ, ಎಲ್ಲೋ ರಾಜಸ್ಥಾನದ್ದಂತ," ಎಂದಳು. ತನ್ನದನ್ನು ತೆರೆದು ನನ್ನದರ ಪಕ್ಕ ಹಿಡಿದಳು. ಅದೇ ಗೋಡೆ, ಅದೇ ನವಿಲು, ಬಾಲದ ತುದಿಯ ಹತ್ತಿರ ಅದೇ ಒಣಗಿದ ಎಲೆ. ನನ್ನ ಮುಖ ನೋಡಿ ಪಾಪ, "ಎಲ್ಲಾರಿಗೂ ಬರ್ತಾವ ಬಿಡ್ರಿ ಇಂಥವು," ಎಂದಳು. ನೀಲಿ ಕಪ್ಪೆ ತೋರಿಸಿದೆ. ಅದು ಗೊತ್ತಿಲ್ಲ ಎಂದಳು. ಅದನ್ನು ಕೇಳಿ ನನಗೆ ಸಮಾಧಾನವೇನೂ ಆಗಲಿಲ್ಲ.

ಮಾಣಿಕನಗರದಲ್ಲಿ ಅವಳು ನನ್ನನ್ನು ತಬ್ಬಿಕೊಂಡಳು, ನನ್ನ ಚೀಲವನ್ನು ಗೋಡೆಯ ಮೊಳೆಗೆ ತೂಗುಹಾಕಿದಳು, ಚಹಾ ಮಾಡಿಸಿದಳು, ಕಡಲೆಯನ್ನು ಮೂಸಿ ನೋಡಿದಳು. ನಾನು ಬಸ್ಸಿನ ಮಾತು ಆಡಲಿಲ್ಲ. "ನವಿಲ ತೋರ್ಸು, ಅದಕ್ಕೇ ಬಂದೀನಿ," ಎಂದೆ. ತಾನಾಗಿ ಹೇಳಲಿ ಎಂದು ಒಂದು ಅವಕಾಶ ಕೊಟ್ಟೆ.

"ಈಗ ಬರವಲ್ದು ಅದು."

"ಕುಂತಿದ್ದ ಜಾಗಾನಾದ್ರೂ ತೋರ್ಸು."

ಅವಳು ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದಳು. ಅಂಗಡಿಗಳ ಹಿಂದಿನ ಓಣಿಗೆ ಕರೆದುಕೊಂಡು ಹೋಗಿ ಒಂದು ಕಂಪೌಂಡಿನ ಮುಂದೆ ನಿಂತು ಬೆರಳು ಮಾಡಿದಳು. "ಇಲ್ಲೇ ಕುಂತಿತ್ತ ನೋಡ. ಬಾಲ ಇಲ್ಲೀತನಕ."

ಗೋಡೆಯ ಮೇಲೆ ಸಾಲಾಗಿ ಒಡೆದ ಗಾಜು ನೆಟ್ಟಿದ್ದರು.

"ಗಾಜಿನ ಮ್ಯಾಲ ಕುಂತಿತ್ತೇನ?" ಎಂದೆ.

ಅವಳು ಮೇಲೆ ನೋಡಿದಳು. ದಿನಾ ಅದೇ ಓಣಿಯಲ್ಲಿ ಓಡಾಡುವವಳು ಆ ಗಾಜನ್ನು ಆಗಷ್ಟೇ ಕಂಡಳು. ನಾನು ಬಸ್ಸಿನಲ್ಲಿ ಆದದ್ದನ್ನೆಲ್ಲ ಹೇಳಿದೆ.

"ಮತ್ತೇನ ಕಳಸ್ಲಿ ನಾ?" ಎಂದು ನನ್ನ ಮೇಲೆಯೇ ಏರಿ ಬಂದಳು. "ನಿಮಗೇನ, ಹೊಲ ಅದ, ಬೇಲಿ ಅದ. ಇಲ್ಲಿ ಏನದ? ಆಟೋ, ಅಂಗಡಿ, ಮತ್ತ ಆಟೋ. ದಿನಾ ನೀವು ಮೂವರು ವಾ ವಾ ಅಂತ ಮಾತಾಡ್ಕೋತ ಕುಂದರ್ತಿದ್ರಿ. ನಾ ಬಾಯಿ ಮುಚ್ಕೊಂಡ ಕೇಳಬೇಕೇನ?"

"ಗಟಾರದಾಗಿನ ಕಪ್ಪಿ ಕಳಸಿದ್ರೂ ನೋಡ್ತಿದ್ದೆ."

"ಗಟಾರದಾಗ ಕಪ್ಪಿ ಇಲ್ಲ, ಪ್ಲಾಸ್ಟಿಕ್ ಅದ."

ನಗು ಬರುವ ಮಾತು. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದೆವು. "ನವಿಲಿನ ಮಾತ ಹೋಗ್ಲಿ," ಎಂದೆ. "ನನ್ನ ಟಿಟವಿ ತತ್ತಿ ನಿನಗ ಕಾಣ್ಲಿಲ್ಲೇನ? ಖರೇ ಹೇಳ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಕಂಡಿದ್ವು. ನೋಡಿದ ಕೂಡ್ಲೇ ಕಂಡಿದ್ವು."

"ಮತ್ತ ಕಲ್ಲಂತ ಯಾಕ ಅಂದಿ?"

ಒಂದು ಆಟೋ ಬಂತು, ಇಬ್ಬರೂ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟೆವು. ಅದು ಹೋದ ಮೇಲೆ ಅವಳು ಹೇಳಿದ್ದು, "ಊಟ ಮಾಡ್ಕೊಂಡ ಹೋಗು." ನಾನು ಉಣ್ಣಲಿಲ್ಲ. ಉಂಡಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತು, ಅದು ನನಗೆ ಬೇಕಿರಲಿಲ್ಲ.

ಊರಿಗೆ ಬಂದು ಯಾರಿಗೂ ಹೇಳಲಿಲ್ಲ. ಗಿರಣಿಯವನ ಮುಂದೆ ಅವಳ ಹೆಸರು ಕೆಡಿಸುವುದು ನನ್ನಿಂದಾಗಲಿಲ್ಲ. ಅಷ್ಟು ವರ್ಷದ ಋಣ ಎಂದು ತಿಳಿಯಬೇಡಿ. ನನ್ನ ಮಾನವೂ ಅದರಲ್ಲೇ ಇತ್ತು. ಅವಳು ಸುಳ್ಳು ಹೇಳಿದ್ದಕ್ಕಿಂತ, ಕಂಡಿದ್ದನ್ನು ಕಾಣಲಿಲ್ಲ ಎಂದದ್ದು ನನ್ನನ್ನು ಹೆಚ್ಚು ತಿನ್ನುತ್ತದೆ. ಒಂಟಿತನಕ್ಕೆ ಸುಳ್ಳು ಹೇಳುವವರನ್ನು ನಾನು ಕಂಡಿದ್ದೇನೆ. ಆದರೆ ನನಗೆ ಕಣ್ಣು ಕೊಟ್ಟವಳು ನನ್ನ ಕಣ್ಣನ್ನೇ ಸುಳ್ಳು ಮಾಡಿದಳು, ಅದೂ ಉಳಿದಿಬ್ಬರ ಮುಂದೆ, ನಗುತ್ತ.

ಬಹಳ ದಿನ ಅವಳಿಂದ ಏನೂ ಬರಲಿಲ್ಲ. ಮೊನ್ನೆ ಒಂದು ಫೋಟೋ ಬಂತು. ಎರಡು ಬಾಲದ ಹಲ್ಲಿ. ಮಾತಿಲ್ಲ, ಬರೀ ಫೋಟೋ. ಕೊಡಂಬಲದವಳು, ಗೋರ್ಟಾದವಳು ಹೌಹಾರಿ ಮಾತಾಡಿದರು. ನಾನು ಸೊಸೆಗೆ ತೋರಿಸಿ, "ಇದು ಖರೇನೋ ಸುಳ್ಳೋ ನೋಡವ್ವ," ಎಂದೆ.

"ನಿಮ್ಮ ಗೆಳತಿಯವ್ರು ಕಳಸ್ಯಾರಲ್ಲ ಅತ್ತಿ, ಖರೇನೇ ಇರ್ತದ," ಎಂದು ರೊಟ್ಟಿ ಬಡಿಯುತ್ತ ತಿರುಗಿ ನೋಡದೆಯೇ ಅಂದಳು.

ಬಾಲ ಹರಿದು ಎರಡಾಗಿ ಬೆಳೆದ ಹಲ್ಲಿ ಇರುತ್ತದೆ. ನಾನೂ ಒಮ್ಮೆ ನೋಡಿದ್ದೇನೆ. ಫೋನನ್ನು ಬೆಳಕಿಗೆ ಹಿಡಿದು, ಆ ಗೋಡೆಯ ಬಣ್ಣ ಅವಳ ಮನೆಯದು ಹೌದೋ ಅಲ್ಲವೋ ಎಂದು ನೋಡಿದೆ. ಹಿಂದೆ ಕಾಣುವ ಮೊಳೆ ಅವಳು ಚೀಲ ತೂಗುಹಾಕುವ ಮೊಳೆಯೋ ಎಂದು ನೋಡಿದೆ. ಹಲ್ಲಿಯನ್ನು ನೋಡುವುದು ನನ್ನಿಂದಾಗಲಿಲ್ಲ.